ಬೆಲೆಯೂ ಬಾಳಿಕೆಯೂ

ಎತ್ತು ಕೊಳ್ಳಲು ಹೋದ ಒಕ್ಕಲಿಗನು ಮೊದಲು ಅದರ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಅನಂತರ ಹತ್ತು ಹೆಜ್ಜೆ ನಡೆಸುತ್ತಾನೆ, ಗೊರಸು ಮುಟ್ಟುತ್ತಾನೆ, ಹೆಗಲ ಮೇಲೆ ಕೈಯಾಡಿಸಿ ನೊಗದ ಹುಣ್ಣೇನಾದರೂ ಇದೆಯೇ ಎಂದು ಪರೀಕ್ಷಿಸುತ್ತಾನೆ. ಕೊಂಬಿಗೆ ಹಚ್ಚಿದ ಬಣ್ಣವನ್ನಾಗಲಿ ಕೊರಳಿನ ಗೆಜ್ಜೆಸರವನ್ನಾಗಲಿ ಅವನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಡಕೆ ಕೊಳ್ಳುವ ಗೃಹಿಣಿಯು ಬೆರಳ ಗೆಣ್ಣಿನಿಂದ ಬಡಿದು ನಾದವನ್ನು ಕೇಳುತ್ತಾಳೆ. ತೊಗರಿಯ ವ್ಯಾಪಾರಿಯು ಚೀಲದ ಬಾಯಲ್ಲಿರುವ ಕಾಳನ್ನು ನಂಬದೆ ಒಳಗಿನಿಂದ ಒಂದು ಹಿಡಿ ತೆಗೆದು, ಕಾಳನ್ನು ಹಲ್ಲಿನಿಂದ ಕಡಿದು, ತೇವವೆಷ್ಟೆಂದು ತಿಳಿಯುತ್ತಾನೆ. ಭೀಮಾನದಿಯ ದಂಡೆಯ ನಮ್ಮ ಸೀಮೆಯಲ್ಲಿ, ಎಂದರೆ ಗಾಣಗಾಪುರ, ಅಫಜಲಪುರ, ಜೇವರ್ಗಿ, ಆಳಂದಗಳ ಕಡೆಯಲ್ಲಿ, ಈ ಪರೀಕ್ಷೆಗಳನ್ನು ಯಾರೂ ಪುಸ್ತಕ ಓದಿ ಕಲಿತವರಲ್ಲ. ತಂದೆಯ ಪಕ್ಕದಲ್ಲಿ ನಿಂತು ನೋಡಿ ಕಲಿತವರು.

ಈಗ ಅದೇ ಮನೆಗಳಿಗೆ ಹೊಸದೊಂದು ವಸ್ತು ಬರತೊಡಗಿದೆ. ಮಗಳು ಪದವಿ ತರಗತಿಗೆ ಸೇರಿದ್ದಾಳೆ, ಮಗ ಡಿಪ್ಲೊಮಾ ಓದುತ್ತಿದ್ದಾನೆ, ಲ್ಯಾಪ್‌ಟಾಪ್ ಬೇಕು. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಬಲ್ಲ ಮನುಷ್ಯನು ಕಲಬುರಗಿಯ ಅಂಗಡಿಯಲ್ಲಿ ಆ ಯಂತ್ರದ ಮುಂದೆ ಕೈಕಟ್ಟಿ ನಿಲ್ಲುತ್ತಾನೆ. ಅಂಗಡಿಯ ಹುಡುಗನು ಅದನ್ನು ತೆರೆದು, ಪರದೆಯನ್ನು ಹಿಂದಕ್ಕೆ ಬಾಗಿಸಿ, ಪೂರ್ತಿ ಸುತ್ತಿಸಿ, ಹಲಗೆಯಂತೆ ಮಾಡಿ ಕೈಗೆ ಕೊಡುತ್ತಾನೆ.

"ಹಿಂಗೂ ಮಡಚ್ತದ್ರಿ, ಹಂಗೂ ಮಡಚ್ತದ್ರಿ. ಬೆರಳಿಂದ ಮುಟ್ಟಿದ್ರ ಸಾಕ್ರಿ."

"ಅದೆಲ್ಲಾ ಖರೇ, ತಮ್ಮಾ. ಬಾಳಿಕಿ ಬರ್ತದೇನು?"

"ಯಾಕ ಬರಂಗಿಲ್ರಿ, ಕಾಕಾ? ಕಂಪನಿ ಮಾಲದ."

ಮಾತು ಇಲ್ಲಿಗೆ ಮುಗಿಯುತ್ತದೆ. ಕಾಕಾ ಕೇಳಿದ ಪ್ರಶ್ನೆ ಸರಿಯಾದುದೇ. ಆದರೆ ಅದಕ್ಕೆ ಉತ್ತರವನ್ನು ಯಂತ್ರದಿಂದಲೇ ಪಡೆಯುವ ವಿಧಾನವನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಎತ್ತಿನ ಹಲ್ಲಿನಂತೆ ಈ ಯಂತ್ರಕ್ಕೂ ನೋಡಬೇಕಾದ ಸ್ಥಳಗಳಿವೆ. ಅವನ್ನು ತಿಳಿಯುವುದು ಇಂಜಿನಿಯರುಗಳಿಗಷ್ಟೇ ಸಾಧ್ಯವೆಂಬುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಅದು ಸಾಧ್ಯ. ಮನೆಯಲ್ಲಿ ಈ ಕೆಲಸವನ್ನು ನಾಳೆ ಮಾಡಬೇಕಾದವರೂ ನೀವೇ.

ಮೊದಲು ವಸ್ತುವಿನ ಪರಿಚಯ. ಸಾಧಾರಣ ಲ್ಯಾಪ್‌ಟಾಪು ಪುಸ್ತಕದಂತೆ ತೆರೆಯುತ್ತದೆ, ಮುಚ್ಚುತ್ತದೆ. ನಾವು ಹೇಳುತ್ತಿರುವುದು ಪರದೆಯನ್ನು ಹಿಂಬದಿಗೆ ಪೂರ್ತಿಯಾಗಿ, ಎಂದರೆ 360 ಡಿಗ್ರಿ, ತಿರುಗಿಸಬಹುದಾದ ಜಾತಿ. ಹಾಗೆ ತಿರುಗಿಸಿದಾಗ ಕೀಲಿಮಣೆ ಕೆಳಕ್ಕೆ ಹೋಗಿ, ಬೆರಳಿನಿಂದಲೋ ವಿಶೇಷವಾದ ಲೇಖನಿಯಿಂದಲೋ ಬರೆಯಬಹುದಾದ ಗಾಜಿನ ಹಲಗೆಯಾಗುತ್ತದೆ. 2012ರಲ್ಲಿ ಲೆನೊವೊ ಕಂಪನಿಯು ಇಂಥ ಯಂತ್ರವೊಂದಕ್ಕೆ 'ಯೋಗ' ಎಂದು ಹೆಸರಿಟ್ಟು ಮಾರುಕಟ್ಟೆಗೆ ತಂದಿತು. ಮೈ ಬಾಗಿಸುವುದಷ್ಟೇ ಯೋಗವೆಂದು ತಿಳಿದವರು ಇಟ್ಟ ಹೆಸರಿರಬೇಕು. ಅಂದು ಇವು ಸಿರಿವಂತರ ಸಾಮಗ್ರಿಗಳಾಗಿದ್ದವು. ಕಾಲಕ್ರಮದಲ್ಲಿ ಅಗ್ಗದ ಯಂತ್ರಗಳೂ ಹೀಗೆ ಮಡಚಿಕೊಳ್ಳತೊಡಗಿದವು. ಪ್ರಶ್ನೆ ಹುಟ್ಟುವುದು ಅಗ್ಗದವುಗಳ ವಿಷಯದಲ್ಲಿ.

ಅಗ್ಗ ಎನ್ನುವಾಗಲೂ ಎಚ್ಚರ ಬೇಕು. ಮೂವತ್ತು ಸಾವಿರ ರೂಪಾಯಿಯ ಯಂತ್ರವನ್ನು ನಗರದ ಜಾಹೀರಾತು ಅಗ್ಗವೆಂದು ಕರೆಯುತ್ತದೆ. 2024-25ನೆಯ ಸಾಲಿನಲ್ಲಿ ಕೇಂದ್ರ ಸರ್ಕಾರವು ತೊಗರಿಗೆ ಗೊತ್ತುಪಡಿಸಿದ ಕನಿಷ್ಠ ಬೆಂಬಲ ಬೆಲೆಯು ಕ್ವಿಂಟಲಿಗೆ 7,550 ರೂಪಾಯಿ. ಎಂದ ಮೇಲೆ ಆ ಯಂತ್ರದ ಬೆಲೆ ಸುಮಾರು ನಾಲ್ಕು ಕ್ವಿಂಟಲ್ ತೊಗರಿ. ಮಳೆಯನ್ನೇ ನಂಬಿದ ಒಂದು ಎಕರೆ ಕಪ್ಪು ಭೂಮಿಯಲ್ಲಿ ಅಷ್ಟು ಬೆಳೆದರೆ ಒಕ್ಕಲಿಗನು ತೃಪ್ತಿಪಡುತ್ತಾನೆ. ಬಿತ್ತನೆಯ ಖರ್ಚು, ಕೂಲಿ, ಗೊಬ್ಬರ, ಔಷಧಿಗಳನ್ನು ಕಳೆದರೆ ಇನ್ನೂ ಹೆಚ್ಚು ಭೂಮಿಯ ಫಲ ಬೇಕಾಗುತ್ತದೆ. ಇಷ್ಟನ್ನು ಕೊಟ್ಟು ತಂದ ವಸ್ತು ಎರಡನೆಯ ವರ್ಷದಲ್ಲಿ ಕೈಕೊಟ್ಟರೆ, ನಷ್ಟವಾಗುವುದು ಹಣವೊಂದೇ ಅಲ್ಲ. ಮೂರನೆಯ ವರ್ಷದ ಓದು ನಡುವೆ ನಿಲ್ಲುತ್ತದೆ. ಹುಡುಗಿಯ ವಿಷಯದಲ್ಲಾದರೆ, 'ಇಷ್ಟು ಮಾಡಿದ್ದೇ ಸಾಕು' ಎನ್ನುವ ಹಿರಿಯರಿಗೆ ಅದೊಂದು ನೆಪವೂ ಆಗುತ್ತದೆ.

ಅಗ್ಗದ ಆಸೆಗೆ ಮುಗ್ಗಲು ಜೋಳ ಕೊಂಡವರ ಮಾತು ನಮ್ಮಲ್ಲಿ ಗಾದೆಯಾಗಿದೆ. ಈ ಗಾದೆಯನ್ನು ಹಿಡಿದು ಕೆಲವರು, ಅಗ್ಗವಾದುದೆಲ್ಲ ಕೆಟ್ಟದ್ದು, ದುಬಾರಿಯಾದುದೆಲ್ಲ ಒಳ್ಳೆಯದು ಎಂದು ತೀರ್ಮಾನಿಸಿಬಿಡುತ್ತಾರೆ. ಗಾದೆ ಹಾಗೆ ಹೇಳುವುದಿಲ್ಲ. ಅದು ಮುಗ್ಗಲನ್ನು ನಿಂದಿಸುತ್ತದೆ, ಅಗ್ಗವನ್ನಲ್ಲ. ಸುಗ್ಗಿಯ ಕಾಲದಲ್ಲಿ ಒಳ್ಳೆಯ ಜೋಳವೂ ಅಗ್ಗವೇ. ಹಣವಿದ್ದವರು ಬೆಲೆಯನ್ನೇ ಗುಣದ ಗುರುತೆಂದು ನಂಬಿ ನಿಶ್ಚಿಂತರಾಗಬಹುದು. ತಪ್ಪಿದರೆ ಇನ್ನೊಂದು ಕೊಂಡಾರು. ಒಂದೇ ಸಲ ಕೊಳ್ಳಬಲ್ಲವನು ಗುಣವನ್ನು ಬೆಲೆಯಿಂದ ಬೇರ್ಪಡಿಸಿ ನೋಡಲೇಬೇಕು.

ನೋಡುವ ಬಗೆ ಒಂದು ಸಣ್ಣ ಲೆಕ್ಕದಿಂದ ಆರಂಭವಾಗಲಿ. 24,000 ರೂಪಾಯಿಯ ಯಂತ್ರವು ಎರಡು ವರ್ಷ ಬಾಳಿದರೆ ತಿಂಗಳಿಗೆ 1,000 ರೂಪಾಯಿ ಬಿದ್ದಂತಾಯಿತು. 36,000 ರೂಪಾಯಿಯದು ಐದು ವರ್ಷ ಬಾಳಿದರೆ ತಿಂಗಳಿಗೆ 600. ಇವುಗಳಲ್ಲಿ ಯಾವುದು ಅಗ್ಗ? ಆದರೆ ಈ ಲೆಕ್ಕದಲ್ಲಿ ಬೆಲೆಯನ್ನು ಅಂಗಡಿಯವನು ಹೇಳುತ್ತಾನೆ, ವರ್ಷಗಳನ್ನು ಮಾತ್ರ ನಾವೇ ಊಹಿಸಬೇಕು. ಆ ಊಹೆಗೆ ಆಧಾರ ಹುಡುಕುವುದೇ ಪರೀಕ್ಷೆ.

ಮಡಚುವ ಯಂತ್ರದಲ್ಲಿ ಮೊದಲು ನೋಡಬೇಕಾದದ್ದು ಬಿಜಾಗರಿ. ಮನೆಯ ಬಾಗಿಲಿಗಿರುವಂತೆಯೇ ಇದಕ್ಕೂ ಎರಡು ಲೋಹದ ಬಿಜಾಗರಿಗಳಿರುತ್ತವೆ. ಲೋಹದ ಬಿಜಾಗರಿ ಸುಲಭವಾಗಿ ಮುರಿಯುವುದಿಲ್ಲ. ಮುರಿಯುವುದು ಅದನ್ನು ಕೂರಿಸಿದ ತಾಣ. ಅಗ್ಗದ ಯಂತ್ರಗಳ ಮೈ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು. ಆ ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ಸಣ್ಣ ಹಿತ್ತಾಳೆಯ ನಟ್ಟುಗಳಿಗೆ ಬಿಜಾಗರಿಯ ತಿರುಪುಗಳನ್ನು ಬಿಗಿದಿರುತ್ತಾರೆ. ಬಿಜಾಗರಿ ಬಿಗಿಯಾಗಿದ್ದಷ್ಟೂ ಪರದೆ ನಿಂತಲ್ಲಿ ನಿಲ್ಲುತ್ತದೆ. ಆದರೆ ತೆರೆಯುವ ಪ್ರತಿಯೊಂದು ಸಲದ ಬಲವೂ ಆ ನಟ್ಟುಗಳ ಮೇಲೆಯೇ ಬೀಳುತ್ತದೆ. ಕೆಲವು ಸಾವಿರ ಸಲ ಆದ ಮೇಲೆ ನಟ್ಟು ಪ್ಲಾಸ್ಟಿಕ್ಕಿನಿಂದ ಕಿತ್ತು ಬರುತ್ತದೆ. ಹಳೆಯ ಮನೆಯ ಗಟ್ಟಿಯಾದ ಬಾಗಿಲು ಗೆದ್ದಲು ಹಿಡಿದ ಚೌಕಟ್ಟಿನಿಂದ ಕಳಚಿ ಬರುವುದನ್ನು ನೀವು ನೋಡಿರಬಹುದು, ಇದೂ ಹಾಗೆಯೇ. ಪರದೆಗೆ ಹೋಗುವ ತಂತಿಯ ಪಟ್ಟಿಯೂ ಈ ಬಿಜಾಗರಿಯ ಸಂದಿನಲ್ಲಿಯೇ ಹಾದು ಹೋಗುವುದರಿಂದ, ತಾಣ ಸಡಿಲವಾದರೆ ಕ್ರಮೇಣ ಚಿತ್ರವೂ ನಡುಗತೊಡಗುತ್ತದೆ.

ಸಾಧಾರಣ ಲ್ಯಾಪ್‌ಟಾಪಿನ ಬಿಜಾಗರಿಗಿಂತ ಇದರ ಬಿಜಾಗರಿಗೆ ಕೆಲಸ ಹೆಚ್ಚು, ದೂರವೂ ಹೆಚ್ಚು. ಆದುದರಿಂದ ಇದು ಇನ್ನೂ ಗಟ್ಟಿಯಾಗಿರಬೇಕು. ಗಟ್ಟಿಯಾಗಿ ಮಾಡಲು ಹಣ ಬೇಕು. ಮುಟ್ಟಿದರೆ ಅರಿಯುವ ಗಾಜಿಗೆ ಹಣ ಬೇಕು. ಯಂತ್ರ ಯಾವ ಭಂಗಿಯಲ್ಲಿದೆಯೆಂದು ತಿಳಿದು ಕೀಲಿಮಣೆಯನ್ನು ನಿಷ್ಕ್ರಿಯಗೊಳಿಸುವ ಸಂವೇದಕಕ್ಕೂ ಹಣ ಬೇಕು. ಒಟ್ಟು ಬೆಲೆ ಮಾತ್ರ ಏರಕೂಡದು! ಹಾಗಾದರೆ ಈ ಹಣ ಎಲ್ಲಿಂದ ಬರಬೇಕು? ಯಾವುದೋ ಕಣ್ಣಿಗೆ ಕಾಣದ ಅಂಗದಿಂದ ಕತ್ತರಿಸಿಯೇ ಬರಬೇಕು. ಒಂದೇ ಬೆಲೆಯ ಎರಡು ಯಂತ್ರಗಳಲ್ಲಿ ಒಂದು ಮಡಚಿ ತಿರುಗುತ್ತದೆ, ಇನ್ನೊಂದು ತಿರುಗುವುದಿಲ್ಲ ಎಂದರೆ, ತಿರುಗುವ ಯಂತ್ರದಲ್ಲಿ ಬೇರೇನೋ ಕಡಿಮೆಯಾಗಿದೆ ಎಂದೇ ತಿಳಿಯಬೇಕು. ಏನು ಕಡಿಮೆಯಾಗಿದೆ ಎಂದು ಅಂಗಡಿಯಲ್ಲಿ ಕೇಳಿರಿ. ಈ ಪ್ರಶ್ನೆಗೆ ನೇರವಾಗಿ ಉತ್ತರಿಸುವ ವ್ಯಾಪಾರಿ ದೊರೆತರೆ ಅವನಲ್ಲಿ ವ್ಯಾಪಾರ ಮಾಡಬಹುದು.

ಬಹುಮಟ್ಟಿಗೆ ಕಡಿಮೆಯಾಗುವುದು ಎರಡು: ಕೆಲಸ ಮಾಡುವಾಗ ಬಳಕೆಯಾಗುವ ಸ್ಮರಣೆ, ಎಂದರೆ ರ‍್ಯಾಮ್, ಕಡತಗಳನ್ನು ಇಟ್ಟುಕೊಳ್ಳುವ ಸಂಗ್ರಹ. ಓದುವ ಮೇಜಿನ ಅಗಲವೇ ರ‍್ಯಾಮ್, ಗೋಡೆಯ ಕಪಾಟೇ ಸಂಗ್ರಹ ಎಂದು ಭಾವಿಸಿಕೊಳ್ಳಿರಿ. ಇವು ಹೊರಗೆ ಕಾಣುವುದಿಲ್ಲ. ಅಗ್ಗದ ತೆಳುಯಂತ್ರಗಳಲ್ಲಿ ಇವನ್ನು ಮೂಲ ಫಲಕಕ್ಕೆ ಬೆಸೆದುಬಿಡುವುದು ವಾಡಿಕೆ. ಮುಂದೆ ಬದಲಿಸಲು ಬಾರದು, ಹೆಚ್ಚಿಸಲೂ ಬಾರದು.

ಒಂದು ನಿದರ್ಶನ ಕೊಡುತ್ತೇನೆ. 2016ರಲ್ಲಿ ನಮ್ಮ ದೇಶದ ಐಬಾಲ್ ಕಂಪನಿಯು ಪರದೆಯನ್ನು ಪೂರ್ತಿ ತಿರುಗಿಸಬಹುದಾದ 'ಕಾಂಪ್‌ಬುಕ್ ಐ360' ಎಂಬ ಯಂತ್ರವನ್ನು 12,999 ರೂಪಾಯಿಗೆ ಮಾರಾಟಕ್ಕೆ ತಂದಿತು. ಆ ಬೆಲೆಗೆ ಅಂಥ ಯಂತ್ರ ದೊರೆತದ್ದು ಅಂದು ಸಣ್ಣ ಸಂಗತಿಯಲ್ಲ. ಅದರಲ್ಲಿದ್ದುದು 2 ಜಿಬಿ ರ‍್ಯಾಮ್, 32 ಜಿಬಿ ಸಂಗ್ರಹ. ಐದು ವರ್ಷ ಕಳೆದು 2021ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ 11 ಬಂದಾಗ, ಅದಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಬೇಕೆಂಬ ನಿಯಮವಾಯಿತು. ಹಿಂದಿನ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎಂದರೆ ಅಂಥ ಯಂತ್ರದ ಬಿಜಾಗರಿ ಗಟ್ಟಿಯಾಗಿಯೇ ಉಳಿದಿದ್ದರೂ, ಒಳಗಿನ ಮನೆ ಇಕ್ಕಟ್ಟಾದುದರಿಂದ ಹೊಸ ವ್ಯವಸ್ಥೆ ಅದರೊಳಗೆ ಕಾಲಿಡುವಂತಿಲ್ಲ. ಯಂತ್ರ ಸವೆಯುವ ಮುನ್ನವೇ ಅದರ ಆಯುಷ್ಯ ತೀರುವ ಈ ಬಗೆ ಎತ್ತಿನಲ್ಲಿಲ್ಲ, ಮಡಕೆಯಲ್ಲಿಲ್ಲ. ಹಿರಿಯರ ಅನುಭವ ಇಲ್ಲಿ ನೆರವಿಗೆ ಬಾರದು. ಆದುದರಿಂದ ಇಂದು ಕೊಳ್ಳುವವನು ಇಂದಿನ ಕನಿಷ್ಠ ನಿಯಮಕ್ಕೆ ಸರಿಹೊಂದುವುದನ್ನು ಕೊಂಡರೆ ಸಾಲದು. 8 ಜಿಬಿ ರ‍್ಯಾಮಿಗಿಂತ ಕಡಿಮೆಯಿರುವ ವಿಂಡೋಸ್ ಯಂತ್ರವನ್ನು ನಾಲ್ಕು ವರ್ಷದ ಓದಿಗೆಂದು ಕೊಳ್ಳಬೇಡಿರೆಂದು ನಾನು ಹೇಳುತ್ತೇನೆ. ಕ್ರೋಮ್‌ಬುಕ್ ಎಂಬ ಇನ್ನೊಂದು ವರ್ಗವಿದೆ. ಅದು ಕಡಿಮೆ ಸ್ಮರಣೆಯಲ್ಲಿಯೂ ಕೆಲಸ ಸಾಗಿಸುತ್ತದೆ. ಆದರೆ ಅದರ ಪ್ರತಿಯೊಂದು ಮಾದರಿಗೂ ನವೀಕರಣ ನಿಲ್ಲುವ ದಿನಾಂಕವನ್ನು ಗೂಗಲ್ ಸಂಸ್ಥೆ ಮೊದಲೇ ಪ್ರಕಟಿಸಿರುತ್ತದೆ. ಔಷಧಿಯ ಸೀಸೆಯ ಮೇಲಿನ ಅವಧಿಯನ್ನು ನೋಡುವಂತೆ ಅದನ್ನೂ ನೋಡಬೇಕು. ಎಂದೋ ತಯಾರಾಗಿ ಉಗ್ರಾಣದಲ್ಲಿ ಉಳಿದ ಮಾದರಿಗೆ ಭಾರಿ ರಿಯಾಯಿತಿ ದೊರೆಯುವುದಕ್ಕೆ ಕಾರಣ ಅಲ್ಲಿಯೇ ಇರಬಹುದು.

ಹೆಸರಿನ ಚೀಟಿಗಳನ್ನು ಕುರಿತು ಒಂದು ಮಾತು. 'ಐ5' ಎಂದು ಅಂಟಿಸಿದ ಹಳೆಯ ಯಂತ್ರವನ್ನು 'ಐ3' ಎಂದಿರುವ ಹೊಸದಕ್ಕಿಂತ ಮೇಲೆಂದು ಹೇಳಿ ಮಾರುವವರಿದ್ದಾರೆ. ಆ ಅಂಕೆ ಒಂದೇ ತಲೆಮಾರಿನೊಳಗಿನ ಅಂತಸ್ತನ್ನಷ್ಟೇ ಸೂಚಿಸುತ್ತದೆ. ಹತ್ತು ವರ್ಷ ಹಿಂದಿನ ಐ5ಕ್ಕಿಂತ ಇತ್ತೀಚಿನ ಐ3 ಚುರುಕಾಗಿರುವುದು ಸಾಮಾನ್ಯ.

ಪರದೆಯ ವಿಷಯಕ್ಕೆ ಬರುವಾಗ ನನಗೆ ನೆನಪಾಗುವುದು ಮಕ್ಕಳಿಗಾಗಿಯೇ ರೂಪಿಸಿದ ಒಂದು ಯಂತ್ರ. ಅಮೆರಿಕದ ನಿಕೊಲಸ್ ನೆಗ್ರೊಪಾಂಟೆ ಎಂಬವರು 2005ರಲ್ಲಿ ನೂರು ಡಾಲರಿಗೆ ಒಂದು ಲ್ಯಾಪ್‌ಟಾಪನ್ನು ಬಡದೇಶಗಳ ಮಕ್ಕಳಿಗೆ ಒದಗಿಸುವ ಯೋಜನೆಯನ್ನು ಸಾರಿದರು. 2007ರಲ್ಲಿ ಅದು ಸಿದ್ಧವಾಗಿ ಬಂದಾಗ ಬೆಲೆ ನೂರರ ಬದಲು ಇನ್ನೂರು ಡಾಲರಿನ ಸಮೀಪಕ್ಕೆ ಬಂದಿತ್ತು. ಭಾರತ ಸರ್ಕಾರ 2006ರಲ್ಲಿಯೇ ಅದನ್ನು ಬೇಡವೆಂದಿತ್ತು. ಆದರೂ ಮಹಾರಾಷ್ಟ್ರದ ಖೈರಾತ್ ಎಂಬ ಹಳ್ಳಿಯ ಶಾಲೆಯಲ್ಲಿ ಅದರ ಪ್ರಯೋಗ ನಡೆಯಿತು. ಯೋಜನೆಯ ಒಟ್ಟು ಸಾಧನೆಯ ಬಗೆಗೆ ಭಿನ್ನಾಭಿಪ್ರಾಯಗಳುಂಟು. ಆದರೆ ಆ ಯಂತ್ರದ ರಚನೆಯನ್ನು ನಾನು ಮೆಚ್ಚುತ್ತೇನೆ. ಅದರ ಪರದೆಯೂ ತಿರುಗಿ ಮಡಚಿಕೊಳ್ಳುತ್ತಿತ್ತು. ಮಗು ಅದನ್ನು ಪುಸ್ತಕದಂತೆ ಹಿಡಿದು ಓದಲೆಂಬುದು ಉದ್ದೇಶ. ಓದುವುದು ಮರದ ಕೆಳಗೂ ಇರಬಹುದೆಂದು ಯೋಚಿಸಿ, ಬಿಸಿಲಿನಲ್ಲಿಯೂ ಅಕ್ಷರ ಕಾಣುವ ಪರದೆಯನ್ನು ಮೇರಿ ಲೂ ಜೆಪ್ಸನ್ ಎಂಬ ಮಹಿಳೆ ರೂಪಿಸಿದರು. ಧೂಳು ಸೇರದಂತೆ ಕೀಲಿಮಣೆಗೆ ರಬ್ಬರಿನ ಹೊದಿಕೆ ಇತ್ತು. ಮಡಚುವುದೆಂಬುದು ಅಲ್ಲಿ ಅಲಂಕಾರವಾಗಿರಲಿಲ್ಲ. ಅದರ ಹಿಂದೆ ಓದುವ ಮಗುವೊಂದು ಕುಳಿತಿತ್ತು.

ಇಂದಿನ ಅಗ್ಗದ ಯಂತ್ರದ ಪರದೆಯನ್ನು ಅಂಗಡಿಯ ತಂಪು ಬೆಳಕಿನಲ್ಲಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಅದನ್ನು ಬಾಗಿಲ ಬಳಿಗೆ ಒಯ್ದು ಹಗಲ ಬೆಳಕಿನಲ್ಲಿ ನೋಡಬೇಕು. ಮುಟ್ಟುವ ಗಾಜು ಹೊಳಪಿನದಾದುದರಿಂದ ಅಕ್ಷರಕ್ಕಿಂತ ನಮ್ಮ ಮುಖವೇ ಹೆಚ್ಚು ಕಾಣುವ ಸಂದರ್ಭವುಂಟು. ಮುಂದೆ ಅದನ್ನು ಓರೆಯಾಗಿ, ಕೆಳಗಿನಿಂದ, ಮೇಲಿನಿಂದ ನೋಡಬೇಕು. ಮಡಚುವ ಯಂತ್ರವನ್ನು ನಾನಾ ಕೋನಗಳಿಂದ ನೋಡುವುದು ಅನಿವಾರ್ಯವಲ್ಲವೆ? ಕೋನ ಬದಲಾದೊಡನೆ ಬಣ್ಣ ಮಾಸುವ ಪರದೆಯಾದರೆ ಮಡಚಿ ಪ್ರಯೋಜನವೇನು? ಅನಂತರ ಯಂತ್ರವನ್ನು ಹಲಗೆಯಾಗಿ ಮಾಡಿ ಒಂದೇ ಕೈಯಲ್ಲಿ ಐದು ನಿಮಿಷ ಹಿಡಿದು ನಿಲ್ಲಿರಿ. ಒಂದೂವರೆ ಕಿಲೋ ತೂಕವು ಚೀಲದಲ್ಲಿ ಹಗುರ, ಅಂಗೈಯಲ್ಲಿ ಭಾರ.

ಬ್ಯಾಟರಿ ಎಷ್ಟು ಗಂಟೆ ಬರುತ್ತದೆಂದು ಕೇಳಬೇಡಿರಿ; ಎಷ್ಟು ವಾಟ್-ಅವರ್ ಎಂದು ಕೇಳಿರಿ. 40 ವಾಟ್-ಅವರಿನ ಬ್ಯಾಟರಿಯಿಂದ 8 ವಾಟ್ ಬಳಸುವ ಯಂತ್ರ ಐದು ಗಂಟೆ ನಡೆಯುತ್ತದೆ. ಇದು ನೀವೇ ಮಾಡಬಹುದಾದ ಭಾಗಾಕಾರ.

ನಮ್ಮ ಸೀಮೆಗೆ ವಿಶೇಷವಾದ ಇನ್ನೊಂದು ಪರೀಕ್ಷಕನಿದ್ದಾನೆ. ಅವನು ಸೂರ್ಯ. ಚೈತ್ರ-ವೈಶಾಖಗಳಲ್ಲಿ ಕಲಬುರಗಿ ಜಿಲ್ಲೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸನ್ನು ದಾಟುವುದು ಪ್ರತಿವರ್ಷದ ಮಾತು. ಬಹಳಷ್ಟು ಲ್ಯಾಪ್‌ಟಾಪ್ ತಯಾರಕರು ತಮ್ಮ ಯಂತ್ರವು ಸುತ್ತಲಿನ ಉಷ್ಣತೆ 35 ಡಿಗ್ರಿಯವರೆಗೆ ಇರುವ ಸ್ಥಳದಲ್ಲಿ ಬಳಸತಕ್ಕದ್ದೆಂದು ಕೈಪಿಡಿಯಲ್ಲಿ ಬರೆದಿರುತ್ತಾರೆ. ಆ ಸಣ್ಣ ಅಕ್ಷರದ ಪುಟದ ಪ್ರಕಾರ ಗಾಣಗಾಪುರದ ಬೇಸಗೆಯ ಮಧ್ಯಾಹ್ನವು ಯಂತ್ರದ ಬದುಕಿಗೆ ಹೊರಗಿನದು! ಅಗ್ಗದ ಮಡಚುವ ಯಂತ್ರಗಳಲ್ಲಿ ಅನೇಕವಕ್ಕೆ ಫ್ಯಾನ್ ಇರುವುದಿಲ್ಲ. ಒಳಗಿನ ಬಿಸಿ ಮೈಯ ಮೂಲಕವೇ ಹೊರಹೋಗಬೇಕು. ಹೊರಗೂ ಬಿಸಿಯೇ ಇದ್ದರೆ ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಲಿಥಿಯಂ ಬ್ಯಾಟರಿಯ ಸತ್ತ್ವ ಬಿಸಿಯಲ್ಲಿ ಬೇಗ ಕುಂದುತ್ತದೆ. ತಗಡಿನ ಚಾವಣಿಯ ಕೆಳಗೆ ಕೌದಿಯ ಮೇಲಿಟ್ಟು ಬಳಸಿದ ಯಂತ್ರಕ್ಕೂ ಶಹಾಬಾದ್ ಕಲ್ಲಿನ ತಣ್ಣನೆಯ ನೆಲದ ಮೇಲಿಟ್ಟು ಬಳಸಿದ ಯಂತ್ರಕ್ಕೂ ಬಾಳಿಕೆಯಲ್ಲಿ ವ್ಯತ್ಯಾಸ ಬಾರದಿರದು. ಫ್ಯಾನ್ ಇರುವ ಯಂತ್ರಕ್ಕೆ ಬೇರೊಂದು ತೊಡಕು: ಕಪ್ಪು ಭೂಮಿಯ ಸಣ್ಣ ಧೂಳು ಅದರೊಳಗೆ ಸೇರಿ ಗಾಳಿಯ ದಾರಿಯನ್ನು ಕಟ್ಟುತ್ತದೆ. ಆದರೂ ಅದನ್ನು ಬಿಚ್ಚಿ ಶುಚಿಮಾಡಿಸಬಹುದು. ನಮ್ಮ ಹವೆಗೆ ನಾನು ಅದನ್ನೇ ಆರಿಸುತ್ತೇನೆ. ದೂರದ ತಂಪು ದೇಶದಲ್ಲಿ ಕುಳಿತು ಯಂತ್ರವನ್ನು ಹೊಗಳಿದವರ ಮಾತು ಸುಳ್ಳೆಂದಲ್ಲ. ಅವರ ಸತ್ಯ ಅವರ ಹವೆಯದು.

ಅಗ್ಗದ ಯಂತ್ರವನ್ನು ಜನರಿಗೆ ತಲುಪಿಸುವ ಕನಸು ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ವಿದ್ವಾಂಸರು, ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯೊಡನೆ ಕೂಡಿ, 'ಸಿಂಪ್ಯೂಟರ್' ಎಂಬ ಅಂಗೈಗಣಕವನ್ನು ರೂಪಿಸಿ 2001ರಲ್ಲಿ ಲೋಕಕ್ಕೆ ತೋರಿಸಿದರು. ಸರಳ, ಅಗ್ಗ, ಬಹುಭಾಷಿಕ ಎಂಬ ಅರ್ಥಗಳು ಆ ಹೆಸರಿನಲ್ಲಿಯೇ ಅಡಗಿದ್ದವು. ಕೀಲಿಮಣೆ ಅರಿಯದವರೂ ಪರದೆಯನ್ನು ಮುಟ್ಟಿ ಬಳಸಲೆಂಬುದು ಅದರ ಸಂಕಲ್ಪ. ಪ್ರತಿಯೊಬ್ಬನೂ ಯಂತ್ರ ಕೊಳ್ಳಲಾರನೆಂದು ತಿಳಿದೇ ಅದಕ್ಕೆ ಸ್ಮಾರ್ಟ್ ಕಾರ್ಡಿನ ಸಂದು ಇಟ್ಟರು: ಯಂತ್ರ ಊರಿಗೊಂದು, ಕಾರ್ಡು ಆಳಿಗೊಂದು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ತಯಾರಿಸಿದ 'ಅಮಿಡಾ' ಎಂಬ ರೂಪ ಹತ್ತು ಸಾವಿರ ರೂಪಾಯಿಯ ಆಸುಪಾಸಿನ ಬೆಲೆಯಿಂದ ಮಾರಾಟಕ್ಕೆ ಬಂತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ; ಮೊಬೈಲ್ ದೂರವಾಣಿಯ ಪ್ರವಾಹ ಅಷ್ಟರಲ್ಲಿ ಏರಿ ಬರುತ್ತಿತ್ತು. ಆದರೂ ಅದನ್ನು ಮಾಡಿದವರು ಕೇಳಿಕೊಂಡ ಪ್ರಶ್ನೆ, ಬಳಸುವವನು ಯಾರು, ಅವನಿಗೆ ಏನು ಬೇಕು ಎಂಬುದು, ಇಂದಿನ ಎಷ್ಟೋ ಹೊಳೆಯುವ ಯಂತ್ರಗಳ ಹಿಂದೆ ನನಗೆ ಕಾಣುತ್ತಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವುದು 'ಆಕಾಶ್' ಫಲಕದ ಕಥೆ. 2011ರ ಅಕ್ಟೋಬರ್ 5ರಂದು ಅಂದಿನ ಕೇಂದ್ರ ಸಚಿವ ಕಪಿಲ್ ಸಿಬಲ್ ಅವರು ಅದನ್ನು ಜಗತ್ತಿನ ಅತಿ ಅಗ್ಗದ ಟ್ಯಾಬ್ಲೆಟ್ ಎಂಬ ಹೆಗ್ಗಳಿಕೆಯೊಡನೆ ಬಿಡುಗಡೆ ಮಾಡಿದರು. ಸರ್ಕಾರಕ್ಕೆ ಬಿದ್ದ ಬೆಲೆ ಎರಡೂಕಾಲು ಸಾವಿರ ರೂಪಾಯಿಯಷ್ಟು. ಅಲ್ಲಿ ಮೊದಲು ಬೆಲೆ ನಿಶ್ಚಯವಾಯಿತು, ಆ ಬೆಲೆಯೊಳಗೆ ಹಿಡಿಸಿದಷ್ಟೇ ಯಂತ್ರವಾಯಿತು: 256 ಎಂಬಿ ರ‍್ಯಾಮ್, ಒತ್ತಿ ಹೇಳಿದರಷ್ಟೇ ಕೇಳುವ ಪರದೆ. ಬಳಸಿದವರಿಂದ ಯಂತ್ರ ನಿಧಾನವೆಂಬ, ಪರದೆ ಸ್ಪಂದಿಸದೆಂಬ, ಬ್ಯಾಟರಿ ಸಾಲದೆಂಬ ದೂರುಗಳು ಬಂದವು. ಅದರ ಗುಣವೆಂದು ಎಲ್ಲರೂ ನೆನಪಿಟ್ಟದ್ದು ಬೆಲೆಯೊಂದನ್ನೇ. ಗಾಣಗಾಪುರದಲ್ಲಿ ನಿರ್ಗುಣ ಪಾದುಕೆಗಳಿಗೆ ನಾವು ಕೈಮುಗಿಯುತ್ತೇವೆ. ನಿರ್ಗುಣವೆಂಬುದು ಅಲ್ಲಿ ಹಿರಿಮೆ. ಯಂತ್ರದಲ್ಲಿ ಮಾತ್ರ ಅದು ಸಲ್ಲದು.

ಗಾಣಗಾಪುರದ ಪ್ರಸ್ತಾಪ ಬಂದುದರಿಂದ ಇನ್ನೊಂದು ವಿಚಾರ. ಭೀಮಾ-ಅಮರಜಾ ಸಂಗಮಕ್ಕೆ ದತ್ತಜಯಂತಿಯಂದು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಯಾತ್ರೆಯ ಅಂಗಡಿಗೂ ವಾರದ ಸಂತೆಗೂ, ಅವು ಯಾವ ಊರಿನವೇ ಆಗಿರಲಿ, ಒಂದು ಭೇದವುಂಟು. ಯಾತ್ರೆಯಲ್ಲಿ ರುದ್ರಾಕ್ಷಿ ಮಾರಿದವನಿಗೂ ಕೊಂಡವನಿಗೂ ಮತ್ತೆ ಭೇಟಿಯಾಗುವ ಭರವಸೆಯಿಲ್ಲ. ಸಂತೆಯಲ್ಲಿ ಹುಳುಕು ಬದನೆಕಾಯಿ ಕೊಟ್ಟವನು ಮುಂದಿನ ವಾರ ಅದೇ ಗಿರಾಕಿಯ ಮುಖ ನೋಡಬೇಕು. ಆ ಸಂಕೋಚವೇ ಅರ್ಧ ಗುಣಮಟ್ಟವನ್ನು ಕಾಯುತ್ತದೆ. ಲ್ಯಾಪ್‌ಟಾಪನ್ನು ಅಂತರ್ಜಾಲದ ಮಳಿಗೆಯಿಂದ ತರಿಸುವುದು ಒಂದು ಬಗೆಯ ಯಾತ್ರೆಯ ವ್ಯಾಪಾರವೇ ಸರಿ. ಬೆಲೆ ಕಡಿಮೆಯಾಗಬಹುದು, ಆದರೆ ಬಿಜಾಗರಿ ಕಿತ್ತಾಗ ಯಾರ ಬಳಿಗೆ ಹೋಗಬೇಕು? ಗಾಣಗಾಪುರದಿಂದ ಕಲಬುರಗಿಗೆ ಸುಮಾರು 40 ಕಿಲೋಮೀಟರ್. ಆ ಕಂಪನಿಯ ದುರಸ್ತಿ ಕೇಂದ್ರ ಕಲಬುರಗಿಯಲ್ಲಿ ಇದೆಯೇ ಅಥವಾ ಯಂತ್ರ ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕೇ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು. ಹೋಗಿಬರುವ ಖರ್ಚೂ, ಹಾಳಾಗುವ ದಿನಗಳೂ ಬೆಲೆಯ ಭಾಗವೇ.

ಕನ್ನಡದ ಪರೀಕ್ಷೆಯನ್ನು ಯಾವ ಅಂಗಡಿಯಲ್ಲಿಯೂ ಮಾಡುವವರನ್ನು ನಾನು ಕಂಡಿಲ್ಲ. ಯಂತ್ರದಲ್ಲಿ ಕನ್ನಡದ ಕೀಲಿಮಣೆಯನ್ನು ಆರಿಸಿಕೊಂಡು, 'ಅರ್ಘ್ಯ', 'ಸ್ವಾತಂತ್ರ್ಯ', 'ಜ್ಞಾನ' ಎಂಬ ಮೂರು ಪದಗಳನ್ನು ಬರೆದು ನೋಡಿರಿ. ಒತ್ತಕ್ಷರಗಳು ತಮ್ಮ ಸ್ಥಾನದಲ್ಲಿ ಕುಳಿತರೆ ಒಳ್ಳೆಯದು. ಕೆ. ಪಿ. ರಾವ್ ಅವರು ಕನ್ನಡಕ್ಕೆ ರೂಪಿಸಿಕೊಟ್ಟ ಕೀಲಿಮಣೆಯ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಇವುಗಳಿಂದ ವಿಂಡೋಸ್ ಯಂತ್ರದಲ್ಲಿ ನಮ್ಮ ಬರವಣಿಗೆ ಸುಗಮವಾಗಿದೆ. ಯಂತ್ರವನ್ನು ಹಲಗೆಯಾಗಿ ಮಡಚಿದಾಗ ಮಾತ್ರ ಆ ಕೀಲಿಮಣೆ ಇಲ್ಲವಾಗುತ್ತದೆ. ಪರದೆಯ ಮೇಲೆ ಮೂಡುವ ಕೀಲಿಗಳಲ್ಲಿ ಕನ್ನಡ ಹೇಗಿದೆಯೆಂದು ಬೇರೆಯಾಗಿ ನೋಡಬೇಕು. ಲೇಖನಿಯಿಂದ ಬರೆಯುವಾಗ ಅಂಗೈ ಗಾಜಿನ ಮೇಲೆ ಊರಿದರೆ ಗೀರು ಬೀಳುತ್ತದೆಯೇ ಎಂಬುದನ್ನೂ ಅಲ್ಲಿಯೇ ಪರೀಕ್ಷಿಸಬಹುದು.

ಯಂತ್ರದ ಬೆನ್ನಿನ ಮೇಲೆ ಭಾರತೀಯ ಮಾನಕ ಸಂಸ್ಥೆಯ ನೋಂದಣಿಯ ಗುರುತು ಇರಬೇಕು. 2012ರ ಆಜ್ಞೆಯ ಮೇರೆಗೆ ಅದು ಕಡ್ಡಾಯವಾಯಿತು. ಅದರ ಅರ್ಥವನ್ನು ಮಾತ್ರ ಸರಿಯಾಗಿ ತಿಳಿಯಬೇಕು. ಆ ಗುರುತು ಯಂತ್ರದಿಂದ ವಿದ್ಯುದಾಘಾತ, ಬೆಂಕಿ ಮೊದಲಾದ ಅಪಾಯಗಳಿಗೆ ಸಂಬಂಧಿಸಿದ ಸುರಕ್ಷತೆಯನ್ನು ಹೇಳುತ್ತದೆಯೇ ಹೊರತು ಬಿಜಾಗರಿ ಎಷ್ಟು ವರ್ಷ ಬಾಳುತ್ತದೆಂದು ಹೇಳುವುದಿಲ್ಲ. ಹಾಗೆಯೇ ಪೆಟ್ಟಿಗೆಯ ಮೇಲೆ ಗರಿಷ್ಠ ಮಾರಾಟ ಬೆಲೆಯನ್ನು ಮುದ್ರಿಸಬೇಕೆಂಬ ಕಾನೂನಿದೆ. ಯಾರೂ ಎಂದೂ ಕೊಡದಷ್ಟು ದೊಡ್ಡ ಬೆಲೆಯನ್ನು ಮುದ್ರಿಸಿ, ಅರ್ಧಕ್ಕೆ ಕೊಟ್ಟೆವೆಂದು ಸಾರುವುದನ್ನು ಅದು ತಡೆಯುವುದಿಲ್ಲ. ರಿಯಾಯಿತಿಯ ಶೇಕಡಾವಾರನ್ನು ನಾನು ಓದುವುದೇ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಮಡಚುವ ಯಂತ್ರ ಬೇಡವೇ ಬೇಡವೆಂಬುದು ನನ್ನ ಮತವೇ? ಅಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘವು ತನ್ನ ಪುಸ್ತಕಗಳನ್ನು ಅಂತರ್ಜಾಲದಲ್ಲಿಯೂ ಇಟ್ಟಿದೆ. ಪುಸ್ತಕದ ಪುಟ ಎತ್ತರವಾಗಿರುತ್ತದೆ, ಲ್ಯಾಪ್‌ಟಾಪಿನ ಪರದೆ ಅಗಲವಾಗಿರುತ್ತದೆ. ಮಡಚಿ ನೆಟ್ಟಗೆ ಹಿಡಿದಾಗಲೇ ಒಂದು ಪುಟ ಪೂರ್ತಿಯಾಗಿ ಕಣ್ಣಿಗೆ ಬೀಳುವುದು. ರೇಖಾಗಣಿತದ ಆಕೃತಿಯನ್ನಾಗಲಿ ರಸಾಯನಶಾಸ್ತ್ರದ ಸಮೀಕರಣವನ್ನಾಗಲಿ ಕೀಲಿಮಣೆಯಿಂದ ಮೂಡಿಸುವುದು ಪ್ರಯಾಸ, ಲೇಖನಿಯಿಂದ ಸುಲಭ. ಚಿತ್ರ ಬರೆಯುವ ಹುಡುಗನಿಗೆ, ಪಾಠ ಹೇಳಿಕೊಡುವ ಶಿಕ್ಷಕಿಗೆ ಅದು ನಿಜವಾದ ಉಪಕರಣ. ಅಂಥವರು ಸ್ವಲ್ಪ ಹೆಚ್ಚು ಕೊಟ್ಟಾದರೂ ಗಟ್ಟಿಯಾದುದನ್ನು ಕೊಳ್ಳಲಿ. ಪ್ರಬಂಧ ಬರೆಯಲು, ಲೆಕ್ಕಪತ್ರ ಕಲಿಯಲು, ಪ್ರೋಗ್ರಾಮ್ ರಚಿಸಲು ಬೇಕೆನ್ನುವವರಿಗೆ ಅದೇ ಹಣದಲ್ಲಿ ಮಡಚದ ಯಂತ್ರವೇ ಮೇಲು. ಬಿಜಾಗರಿಗೆ ಕೊಡುವುದನ್ನು ರ‍್ಯಾಮಿಗೆ ಕೊಡಲಿ. ಕಚೇರಿಗಳಲ್ಲಿ ಬಳಸಿ ಬಿಟ್ಟ, ಲೋಹದ ಮೈಯ, ಬಿಡಿಭಾಗ ಬದಲಿಸಬಹುದಾದ ಹಳೆಯ ಯಂತ್ರಗಳನ್ನು ಸರಿಪಡಿಸಿ ಜವಾಬ್ದಾರಿಯೊಡನೆ ಮಾರುವ ಅಂಗಡಿಗಳೂ ಉಂಟು. ಹೊಸ ಮುಗ್ಗಲಿಗಿಂತ ಹಳೆಯ ಗಟ್ಟಿಕಾಳು ಲೇಸು. ವಿಂಡೋಸ್ 11ಕ್ಕೆ ಅದು ಅರ್ಹವೇ ಎಂದು ಮೊದಲು ನೋಡಿಕೊಂಡರಾಯಿತು.

ಅಂಗಡಿಯಲ್ಲಿ ಅರ್ಧ ಗಂಟೆಯನ್ನು ಕೇಳಿ ಪಡೆಯಿರಿ. ಪರದೆಯನ್ನು ಒಂದು ಮೂಲೆಯಿಂದ ಹಿಡಿದು ಹತ್ತು ಸಲ ತೆರೆದು ಮುಚ್ಚಿರಿ. ಕಿರುಗುಟ್ಟುವ ಸದ್ದು ಬಂದರೆ, ಬಿಜಾಗರಿಯ ಬಳಿ ಸಂದು ಬಿಟ್ಟರೆ, ಅದನ್ನು ಅಲ್ಲಿಯೇ ಇಟ್ಟು ಬನ್ನಿರಿ. ಬೆರಳಿನಿಂದ ಮುಟ್ಟಿದಾಗ ಪರದೆ ತೊಟ್ಟಿಲಿನಂತೆ ತೂಗಾಡಬಾರದು. ಅಂಗಡಿಯವನಿಗೆ ಬೇಸರವಾದರೆ ಆಗಲಿ. ಎತ್ತಿನ ದಲ್ಲಾಳಿಗೂ ಬೇಸರವಾಗುತ್ತದೆ. ಕೊಂಡ ಮೇಲೆ ರಶೀದಿಯಲ್ಲಿ ಯಂತ್ರದ ಕ್ರಮಸಂಖ್ಯೆ ಬರೆಸಿಕೊಳ್ಳಬೇಕು, ಪೆಟ್ಟಿಗೆಯನ್ನು ಒಲೆಗೆ ಹಾಕಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೊಂಡವನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿಯೊಳಗಿನ ವಸ್ತುವಿಗೆ ಶುಲ್ಕವಿಲ್ಲ. ಅದಕ್ಕೂ ಮೊದಲು 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಲಹೆ ಪಡೆಯಬಹುದು. ಆಗ ಅವರು ಮೊದಲು ಕೇಳುವುದು ರಶೀದಿಯನ್ನೇ.